ಪಾನಾ ಯಾರ ಮನೆಯಲ್ಲಿದೆ?

ವಜ್ರಳ್ಳಿಯ ಕಡೆ ಕಾರು ಕೊಳ್ಳುವವರು ಕಾರಿಗಿಂತ ಮೊದಲು ಶೆಡ್ಡು ಕಟ್ಟಿಸುತ್ತಾರೆ. ಇಲ್ಲಿಯ ಮಳೆ ಕಂಡವರಿಗೆ ಈ ಕ್ರಮ ಸರಿಯೆನಿಸುತ್ತದೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡು, ಕೆಳಗೆ ಸಿಮೆಂಟು. ಮೊದಲ ವರ್ಷ ಕಾರು ಶೆಡ್ಡಿನ ನಟ್ಟನಡುವೆ ಹೊದಿಕೆ ಹೊದ್ದು ನಿಲ್ಲುತ್ತದೆ. ಎರಡನೆಯ ವರ್ಷ ಔಷಧಿ ಹೊಡೆಯುವ ಪಂಪು ನಾಲ್ಕು ದಿನದ ಮಟ್ಟಿಗೆಂದು ಮೂಲೆಗೆ ಬರುತ್ತದೆ. ಅದರ ಬೆನ್ನಿಗೆ ಹುಲ್ಲು ಹೊಡೆಯುವ ಮಷಿನ್ನು, ಸುಟ್ಟ ಮೋಟರು, ಸುಡದಿದ್ದರೂ ನಂಬಲಾಗದ ಇನ್ನೊಂದು ಮೋಟರು, ಕರಿ ಪೈಪಿನ ಸುರುಳಿ, ಕೊನೆ ಕೊಯ್ಯುವ ದೋಟಿ, ಹಳೆಯ ಕಿಟಕಿಯ ಚೌಕಟ್ಟು. ಐದನೆಯ ವರ್ಷಕ್ಕೆ ಕಾರು ಅಂಗಳದಂಚಿನ ಹಲಸಿನ ಮರದ ಕೆಳಗಿರುತ್ತದೆ. ಅದರ ಹೊದಿಕೆ ಅಡಿಕೆ ಚೀಲದ ಮೇಲಿರುತ್ತದೆ. ಶೆಡ್ಡು ಮಾತ್ರ ಅಷ್ಟರಲ್ಲಿ ತನ್ನ ನಿಜವಾದ ಉದ್ಯೋಗಕ್ಕೆ ಹತ್ತಿರುತ್ತದೆ. ಮನೆಯಲ್ಲಿ ಕೆಟ್ಟದ್ದೆಲ್ಲ ಬಂದು ಸೇರುವುದು ಅಲ್ಲಿಗೆ, ಸರಿಯಾಗಿ ಹೊರಡುವುದೂ ಅಲ್ಲಿಂದಲೇ. ಬರುವುದು ಬೇಗ, ಹೊರಡುವುದು ಸ್ವಲ್ಪ ತಡ.

ನಮ್ಮ ಮನೆಯ ಶೆಡ್ಡಿನಲ್ಲಿರುವ ಹತ್ಯಾರಗಳಲ್ಲಿ ಅರ್ಧ ನಮ್ಮದು, ಉಳಿದರ್ಧ ಯಾರ್ಯಾರದೋ. ಇದರಲ್ಲಿ ಅನ್ಯಾಯವೇನಿಲ್ಲ. ನಮ್ಮ ಹತ್ಯಾರಗಳಲ್ಲೂ ಅರ್ಧ ಅವರವರ ಮನೆಯಲ್ಲಿವೆ. ಊರಿನ ಯಾವ ಮನೆಯಲ್ಲೂ ಪೂರ್ತಿ ಹತ್ಯಾರ ಪೆಟ್ಟಿಗೆ ಇಲ್ಲ. ಒಬ್ಬರಲ್ಲಿ ಪಾನಾದ ಸೆಟ್ಟಿದೆ, ಅದರಲ್ಲಿ ಬೇಕಾದ ನಂಬರಿನದು ಇಲ್ಲ. ಆ ನಂಬರಿನದು ಇನ್ನೊಬ್ಬರಲ್ಲಿದೆ, ಅವರಲ್ಲಿ ಸೆಟ್ಟಿಲ್ಲ. ಡ್ರಿಲ್ಲಿಂಗ್ ಮಷಿನ್ನು ಮೇಲಿನ ಮನೆ ಮಾವನದು, ಅದರ ಬಿಟ್ಟು ಕೆಳಗಿನ ಮನೆ ಭಾವನದು. ಏಣಿ ದೇವಸ್ಥಾನದ್ದು. ಒಂದು ತಿರುಪು ಬಿಗಿ ಮಾಡುವಷ್ಟರಲ್ಲಿ ಊರಿನ ಕ್ಷೇಮಸಮಾಚಾರವೆಲ್ಲ ತಿಳಿದಿರುತ್ತದೆ.

ಯಲ್ಲಾಪುರದಿಂದ ಅಂಕೋಲೆ ರಸ್ತೆ ಹಿಡಿದು ಇಡಗುಂದಿಗೆ ಬಂದು, ಅಲ್ಲಿಂದ ಒಳಕ್ಕೆ ತಿರುಗಿದರೆ ವಜ್ರಳ್ಳಿ. ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಒಂದೊಂದು ಕಣಿವೆಗೆ ಒಂದೊಂದು ಅಡಿಕೆ ತೋಟ, ತೋಟದ ತಲೆಯ ಮೇಲೆ ಒಂದೆರಡು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಪೇಟೆಯ ಮೆಕ್ಯಾನಿಕ್ಕಿಗೆ ಇಷ್ಟು ದೂರ ಬರುವುದು ಒಂದು ಪ್ರಯಾಣ. ಫೋನು ಮಾಡಿದರೆ ಆತ ಒಲ್ಲೆನೆನ್ನುವುದಿಲ್ಲ. “ನಾಳೆ ಬರ್ತೆ ಹೆಗಡೇರೆ” ಎನ್ನುತ್ತಾನೆ. ಮರುದಿನ ವಿಚಾರಿಸಿದರೆ “ದಾರಿಯಲ್ಲಿದ್ದೇನೆ” ಎನ್ನುತ್ತಾನೆ. ಅದು ಸುಳ್ಳಲ್ಲ, ಯಾವ ದಾರಿಯಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಕೊನೆಗೊಮ್ಮೆ ಬಂದನೆಂದರೆ ಜಗುಲಿಯಲ್ಲಿ ಕುಳಿತು ಕವಳ ಹಾಕಿ, ಅಡಿಕೆಯ ದರ ವಿಚಾರಿಸಿ, ಊಟದ ಹೊತ್ತಿಗೆ ಪಂಪಿನ ಮುಖ ನೋಡುತ್ತಾನೆ. “ಇದರ ಸಾಮಾನು ಹುಬ್ಬಳ್ಳಿಯಿಂದ ಬರಬೇಕು” ಎನ್ನುತ್ತಾನೆ. ಹುಬ್ಬಳ್ಳಿಯ ಹೆಸರು ಕೇಳಿದ ಮೇಲೆ ಮನೆಯ ಯಜಮಾನ ತಾನೇ ಪಾನಾ ಹಿಡಿಯದೆ ಗತಿಯಿಲ್ಲ.

ಮಳೆ ಇಲ್ಲಿ ಎಲ್ಲ ಕೆಲಸಕ್ಕೂ ಗಡುವು ಹಾಕುತ್ತದೆ. ಮೃಗಶಿರ ಮಳೆ ಜೂನ್ ಮೊದಲ ವಾರ ದಾಟುತ್ತಿದ್ದಂತೆ ಹಿಡಿಯುತ್ತದೆಂದು ಪಂಚಾಂಗ ಹೇಳುತ್ತದೆ. ಅದಕ್ಕಿಂತ ಮೊದಲಿನ ಏಪ್ರಿಲ್, ಮೇ ತಿಂಗಳು ನಮ್ಮ ದುರಸ್ತಿಯ ಹಂಗಾಮು. ಕಟ್ಟಿಗೆ ಒಳಗೆ ಸೇರಬೇಕು, ಕೊಟ್ಟಿಗೆಗೆ ದರಕು ಬರಬೇಕು, ಪಡುವಣದ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು, ಹಳ್ಳದ ಸಂಕಕ್ಕೆ ಹೊಸ ಮರ ಹಾಕಬೇಕು, ಸೂರಿನ ದಂಬೆಯ ಕಸ ತೆಗೆಯಬೇಕು. ಎಲ್ಲಕ್ಕಿಂತ ದೊಡ್ಡದು ಹಂಚು ಕೈಯಾಡಿಸುವ ಕೆಲಸ.

ಮಂಗಳೂರು ಹಂಚನ್ನು ಮೆಚ್ಚಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಈ ಹಂಚಿಗೆ ಮೊಳೆ ಬೇಡ, ಗಾರೆ ಬೇಡ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದ ಹಂಚಿನ ಅಂಚು ಇದರ ಗಾಡಿಯೊಳಗೆ ಕೂರುತ್ತದೆ. ಒಂದು ಒಡೆದರೆ ಅದೊಂದನ್ನೇ ಎಬ್ಬಿಸಿ ಇನ್ನೊಂದನ್ನು ತೂರಿಸಬಹುದು, ಅಟ್ಟದ ಮೇಲೆ ನಿಂತು ಒಳಗಿನಿಂದಲೇ. ಯಾರ ಕೈಗೂ ಎಟುಕುವ ಹಾಗೆ, ಯಾವ ಹತ್ಯಾರವೂ ಬೇಡದ ಹಾಗೆ ಮಾಡಿದ ವಸ್ತು ಇದು. ಮಾಡಿದವರು ಮಂಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಲಸು ಹಣ್ಣಾಗುವ ಕಾಲಕ್ಕೂ ಮಳೆ ಹಿಡಿಯುವ ಕಾಲಕ್ಕೂ ಅಂತರ ಕಡಿಮೆ. ಮರದಿಂದ ಮಾಡಿಗೆ ಹಾರಿದ ಒಂದು ಗಂಡು ಮಂಗ ನಮ್ಮ ಒಂದು ದಿನದ ಕೆಲಸವನ್ನು ಕ್ಷಣದಲ್ಲಿ ಮೊದಲಿನ ಸ್ಥಿತಿಗೆ ತರುತ್ತದೆ.

ಹಂಚು ಕೈಯಾಡಿಸುವಾಗ ಗೊತ್ತಾಗುವ ಇನ್ನೊಂದು ಸತ್ಯವಿದೆ. ನೀರು ತೊಟ್ಟಿಕ್ಕುವ ಜಾಗ ಬೇರೆ, ಹಂಚು ಒಡೆದ ಜಾಗ ಬೇರೆ. ಮೇಲೆಲ್ಲೋ ಒಳಬಂದ ನೀರು ಪಕಾಸಿಯ ಗುಂಟ ಹರಿದು, ತನಗೆ ಮನಸ್ಸು ಬಂದಲ್ಲಿ ಬೀಳುತ್ತದೆ. ಹೆಚ್ಚಾಗಿ ಹಾಸಿಗೆಯ ಮೇಲೆ. ಮಾಡು ಹತ್ತುವ ಗಂಡಸರಿಗೆ ಇದರ ನಕ್ಷೆ ಗೊತ್ತಿರುವುದಿಲ್ಲ. ಮಳೆಗಾಲವಿಡೀ ಕೊಡಪಾನ, ಪಾತ್ರೆ ಇಟ್ಟು ನೀರು ಚೆಲ್ಲಿದ ಹೆಂಗಸರಿಗೆ ಒಂದೊಂದು ಸೋರಿಕೆಯೂ ಬಾಯಿಪಾಠ. ಹಾಗಾಗಿ ಮೇಲೆ ಒಬ್ಬರು, ಕೆಳಗೆ ಒಬ್ಬರು. ಕೆಳಗಿನವರ ಕೈಯಲ್ಲೊಂದು ಕೋಲು. “ಅದಲ್ಲ, ಅದರ ಮ್ಯಾಲಿಂದು! ಅಯ್ಯೋ, ಅದನ್ನ ಎಂತಕ್ಕೆ ತೆಗದ್ರಿ?” ಎಂಬ ಕೂಗು ಕಣಿವೆಯ ಆಚೆಗೂ ಕೇಳಿಸುತ್ತದೆ. ಕೇಳಿದ ಮನೆಯವರು ತಮ್ಮ ಹಂಚಿನ ಕೆಲಸ ಇನ್ನೂ ಆಗಿಲ್ಲವೆಂದು ನೆನಪು ಮಾಡಿಕೊಂಡು, ಏಣಿ ಕೇಳಲು ಹೊರಡುತ್ತಾರೆ. ಮಳೆಯ ನಡುವೆ ಹಂಚು ಒಡೆದರೆ ಬೇರೆ ಉಪಾಯವಿದೆ. ಅದರಡಿಗೆ ಒಂದು ಅಡಿಕೆ ಹಾಳೆ ತೂರಿಸಿದರೆ ಆ ಮಳೆಗಾಲಕ್ಕೆ ಸಾಕು. ಮುಂದಿನ ಮಳೆಗಾಲಕ್ಕೆ ಇನ್ನೊಂದು ಹಾಳೆ. ತೋಟದಲ್ಲಿ ಹಾಳೆಗೇನು ಬರವೇ?

ಹಂಚು ಮುಗಿಯುವ ಹೊತ್ತಿಗೆ ಔಷಧಿ ಪಂಪು. ಅಡಿಕೆಗೆ ಕೊಳೆರೋಗ ಬರುವುದು ಸುರಿಮಳೆಯಲ್ಲಿ. ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದರ ಹುಟ್ಟಿನ ಕಥೆ ಕೇಳಿದರೆ ತೋಟಿಗರಿಗೆ ಖುಷಿಯಾಗುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಕಳ್ಳರಿಗೆ ಮಾಡಿದ ಮದ್ದು ರೋಗಕ್ಕೆ ಬಿತ್ತು. ನಮ್ಮ ಪಕ್ಕದ ಮೈಸೂರು ಸೀಮೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಅದಕ್ಕೂ ಮೊದಲಿನವರು ಕರಡದ ಕೊಟ್ಟೆ ಹೆಣೆದು ಕೊನೆಕೊನೆಗೂ ಕಟ್ಟುತ್ತಿದ್ದರು. ಮರಕ್ಕೆ ಕೊಡೆ ಹಿಡಿದ ಜನ ನಾವು.

ಬೋರ್ಡೋ ದ್ರಾವಣಕ್ಕೂ ಕಬ್ಬಿಣಕ್ಕೂ ಆಗುವುದಿಲ್ಲ. ಮೈಲುತುತ್ತದಲ್ಲಿ ತಾಮ್ರವಿದೆ, ಕಬ್ಬಿಣ ಸಿಕ್ಕಿತೆಂದರೆ ಅದು ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಅದಕ್ಕೇ ಹಳೆಯ ಕೈಪಂಪುಗಳೆಲ್ಲ ಹಿತ್ತಾಳೆಯವು. ದ್ರಾವಣ ಹದವಾಗಿದೆಯೇ ಎಂದು ನೋಡುವುದಕ್ಕೂ ಇದೇ ಗುಣ ಒದಗುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ತೆಗೆಯಬೇಕು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಲ್ಯಾಬೊರೇಟರಿಯ ಪರೀಕ್ಷೆ ಅಡುಗೆಮನೆಯ ಕತ್ತಿಯಿಂದ ಆಗಿಹೋಗುತ್ತದೆ. ಆ ಕತ್ತಿಯಿಂದ ಆಮೇಲೆ ಸೌತೆಕಾಯಿ ಹೆಚ್ಚುವುದಿಲ್ಲವೆಂದು ಮನೆಯವಳು ಹಟ ಹಿಡಿಯುತ್ತಾಳೆ, ಅಷ್ಟೇ. ಪಂಪಿನ ಆಯುಷ್ಯವಿರುವುದು ಸಂಜೆಯ ಒಂದು ಕೊಡ ನೀರಿನಲ್ಲಿ. ಔಷಧಿ ಹೊಡೆದು ಮುಗಿದ ಕೂಡಲೇ ಬರಿ ನೀರು ಹಾಯಿಸಿ ತೊಳೆದರೆ ಪಂಪು ಮಕ್ಕಳ ಕಾಲಕ್ಕೂ ಉಳಿಯುತ್ತದೆ. ತೊಳೆಯದಿದ್ದರೆ ಸುಣ್ಣ ನಾಝಲಿನಲ್ಲಿ ಗಟ್ಟಿಯಾಗಿ, ಮಾರನೆಯ ಸಲ ಕೊನೆಗೌಡ ಮರದ ತುದಿಯಲ್ಲಿ ಕುಳಿತು “ಹೊಡೀರೋ” ಎಂದು ಕೂಗುವಾಗ ಕೆಳಗೆ ಇಬ್ಬರು ಹಿಡಿಕಡ್ಡಿ ಹುಡುಕುತ್ತಿರುತ್ತಾರೆ.

ಕೆಲವು ವಸ್ತುಗಳು ಕೆಟ್ಟಾಗ ಮಾತಾಡುತ್ತವೆ, ಕೇಳುವ ಕಿವಿ ಬೇಕು. ಮಲೆನಾಡಿನ ಎಷ್ಟೋ ಮನೆಗಳಿಗೆ ಬೆಟ್ಟದ ಮೇಲಿನ ಅಬ್ಬಿಯಿಂದ ಕರಿ ಪೈಪಿನಲ್ಲಿ ನೀರು ಬರುತ್ತದೆ. ಕರೆಂಟು ಬೇಡ, ಬಿಲ್ಲಿಲ್ಲ, ಕಾವಲಿಲ್ಲ. ಬಚ್ಚಲ ನಲ್ಲಿ ಸುಂಯ್ ಎಂದು ಉಸಿರು ಬಿಟ್ಟು ನಿಂತರೆ ಪೈಪಿನೊಳಗೆ ಗಾಳಿ ಹಿಡಿದಿದೆ ಎಂದರ್ಥ. ದಾರಿಯಲ್ಲಿ ಪೈಪು ಎಲ್ಲಿ ಉಬ್ಬಿ ಏರಿದೆಯೋ ಅಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಆ ಉಬ್ಬಿನ ನೆತ್ತಿಗೆ ಸಣ್ಣದೊಂದು ತೂತು ಮಾಡಿ ಗಾಳಿ ಬಿಟ್ಟು, ಕಡ್ಡಿಯ ಬೆಣೆ ಹೊಡೆದರೆ ಮುಗಿಯಿತು. ನೀರು ಬಂದು, ಮತ್ತೆ ಬಾರದೆ, ಮತ್ತೆ ಬಂದರೆ ಅಬ್ಬಿಯ ಬಾಯಿಗೆ ಎಲೆ ಅಡ್ಡ ನಿಂತಿದೆ. ನೀರು ಪೂರಾ ನಿಂತು, ಬೆಟ್ಟದ ಕಡೆಯಿಂದ ಮಂಗಗಳ ಗದ್ದಲ ಕೇಳಿಸಿದರೆ ಹೇಳಬೇಕಾದ್ದೇ ಇಲ್ಲ. ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಜೋಡಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬರಬೇಕು. ನೀರಿನ ದಾರಿ ಹಿಡಿದು ಹೋದ ಮಕ್ಕಳು ಇಡೀ ಬೆಟ್ಟದ ಏರುತಗ್ಗುಗಳನ್ನು ಕಲಿತು ಬರುತ್ತಾರೆ. ಶಾಲೆಯ ಭೂಗೋಳಕ್ಕಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ, ಉಂಬಳಗಳೂ ಜೊತೆಗೆ ಬರುವುದರಿಂದ.

ಗೋಬರ್ ಗ್ಯಾಸಿನ ಭಾಷೆಯೂ ಸುಲಭ. ಒಲೆಯ ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ನಿಂತಿದೆ. ತಗ್ಗಿನಲ್ಲಿರುವ ನೀರಿನ ನಲ್ಲಿ ಬಿಚ್ಚಿ ಹನಿ ಇಳಿಸಿದರೆ ಉರಿ ನೆಟ್ಟಗಾಗುತ್ತದೆ. ಶಿರಸಿ ಸೀಮೆಯ ಗೋಬರ್ ಗ್ಯಾಸಿನ ಮೇಲೆ ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ ಮತ್ತು ಎನ್.ಎಚ್. ರವೀಂದ್ರನಾಥ್ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೇಶದ ಬೇರೆಡೆ ಕಟ್ಟಿದ ಗುಂಡಿಗಳು ಕೆಟ್ಟು ಬಿದ್ದಿರುವಾಗ ಇಲ್ಲಿಯವು ನಡೆಯುತ್ತಿದ್ದುದೇ ಅವರಿಗೆ ವಿಶೇಷವಾಗಿ ಕಂಡದ್ದು. ಕಟ್ಟಿಕೊಟ್ಟವರೇ ಆಮೇಲಿನ ದುರಸ್ತಿಯ ಹೊಣೆಯನ್ನೂ ಹೊತ್ತದ್ದು ಅದಕ್ಕೊಂದು ಕಾರಣ. ಸರ್ಕಾರದ ಯೋಜನೆಗಳೆಲ್ಲ ಉದ್ಘಾಟನೆಯ ದಿನ ಚೆನ್ನಾಗಿಯೇ ಇರುತ್ತವೆ. ಉರಿ ಕುಣಿದ ದಿನ ಯಾರು ಬರುತ್ತಾರೆಂಬುದೇ ನಿಜವಾದ ಪ್ರಶ್ನೆ. ನಮ್ಮಲ್ಲಿ ಬರುವವರು ಇದ್ದರು. ಬಂದವರು ನೀರಿಳಿಸುವುದನ್ನು ಮನೆಯ ಅಜ್ಜಿಗೂ ಕಲಿಸಿ ಹೋದರು. ಈಗ ಅಜ್ಜಿ ಮೊಮ್ಮಗಳಿಗೆ ಕಲಿಸುತ್ತಿದ್ದಾಳೆ. ಈ ವಿದ್ಯೆ ಗಂಡಸರ ಕೈಗೆ ಸಿಗದೆ ಉಳಿದದ್ದರಿಂದಲೇ ಸರಿಯಾಗಿ ಉಳಿದಿದೆ ಎಂಬುದು ಅಡುಗೆಮನೆಯ ಅಭಿಪ್ರಾಯ.

ವಿದ್ಯುತ್ತಿನ ಸಾಮಾನುಗಳಲ್ಲಿ ಸೀಲಿಂಗ್ ಫ್ಯಾನು ಸಾಧು ಪ್ರಾಣಿ. ಸ್ವಿಚ್ಚು ಹಾಕಿದಾಗ ಗುಂಯ್‌ಗುಟ್ಟಿ ನಿಂತಲ್ಲೇ ನಿಂತು, ಕೋಲಿನಿಂದ ಒಮ್ಮೆ ದೂಡಿದರೆ ತಿರುಗುವುದಾದರೆ ಹೋದದ್ದು ಕಂಡೆನ್ಸರ್. ಹೆಚ್ಚಿನ ಫ್ಯಾನುಗಳಿಗೆ 2.5 ಮೈಕ್ರೋಫ್ಯಾರಡ್‌ನದು ಸಾಕಾಗುತ್ತದೆ. ಕರೆಂಟಿನ ಮೇನ್ ತೆಗೆದು, ಹಳೆಯದರ ಎರಡು ವಯರು ಬಿಚ್ಚಿ ಹೊಸದನ್ನು ಜೋಡಿಸಿದರೆ ಫ್ಯಾನು ಮತ್ತೆ ಹುಡುಗನಾಗುತ್ತದೆ. ಆದರೆ ಕಂಡೆನ್ಸರ್ ಇರುವುದು ಯಲ್ಲಾಪುರದಲ್ಲಿ, ಕೋಲು ಇರುವುದು ಮೂಲೆಯಲ್ಲಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ಫ್ಯಾನಿಗೆ ಸ್ವಿಚ್ಚಿನ ಜೊತೆ ಒಂದು ಕೋಲೂ ಖಾಯಂ ಆಗಿದೆ. ಮನೆಗೆ ಬಂದ ನೆಂಟರಿಗೆ ಬಚ್ಚಲು ತೋರಿಸುವಾಗಲೇ ಕೋಲನ್ನೂ ತೋರಿಸುತ್ತಾರೆ. ಮಳೆಗೆ ಮುಂಚಿನ ಗುಡುಗಿನ ದಿನಗಳಲ್ಲಂತೂ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದೇ ಒಂದು ಸಂಜೆಯ ಪೂಜೆ. ಮಿಂಚು ಮೊದಲು ಹುಡುಕುವುದು ಹೊಸ ಸಾಮಾನನ್ನು. ಟಿವಿಯ ಡಬ್ಬ, ಇಂಟರ್ನೆಟ್ಟಿನ ಮೋಡೆಮ್ಮು, ಇನ್ವರ್ಟರ್. ಹಳೆಯ ಮರದ ರೇಡಿಯೋಕ್ಕೆ ಅದು ಗೌರವ ಕೊಡುತ್ತದೆ.

ಬಾವಿಯ ಪಂಪು ಕೆಟ್ಟ ದಿನವಂತೂ ಮನೆಯಲ್ಲೊಂದು ತಾಳಮದ್ದಲೆ ನಡೆಯುತ್ತದೆ. ಪಾತ್ರಧಾರಿಗಳು ಕರೆಯದೆ ಬರುತ್ತಾರೆ. ಮೊದಲು ಬಂದವರು ಪೀಠಿಕೆ ಹಾಕುತ್ತಾರೆ: ಫುಟ್‌ವಾಲ್ವಿನದೇ ದೋಷ, ಎಲೆ ಸಿಕ್ಕಿದೆ. ಎರಡನೆಯವರು ಅದನ್ನು ಖಂಡಿಸುತ್ತಾರೆ: ಎಲೆ ಸಿಕ್ಕಿದ್ದರೆ ನೀರು ಕಡಿಮೆ ಬರಬೇಕಿತ್ತು, ಪೂರ್ತಿ ನಿಲ್ಲುವುದೆಂದರೆ ಏನರ್ಥ? ಮೂರನೆಯವರು ಗ್ಲ್ಯಾಂಡಿನ ಹಗ್ಗದ ಪರ ವಾದ ಮಂಡಿಸಿ, ಹಿಂದೆ ತಮ್ಮ ಅಪ್ಪಯ್ಯನ ಕಾಲದ ಪಂಪಿನ ದೃಷ್ಟಾಂತ ಕೊಡುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ, ಕವಳ ಬರುತ್ತದೆ, ಪ್ರಸಂಗ ರಂಗೇರುತ್ತದೆ. ಯಾರ ಮಾತಿಗೂ ಉತ್ತರವಿಲ್ಲದೆ ಮೋಟರು ಮಾತ್ರ ಮೌನ. ಕೊನೆಗೆ ಮನೆಯವಳು ಹೊರಗೆ ಬಂದು, “ನಿಂಗಳ ಪ್ರಯೋಗ ಮುಗದ ಮೇಲೆ ಹೇಳಿ, ಆನು ಪ್ಯಾಟಿಗೆ ಫೋನ್ ಮಾಡ್ತಿ” ಎಂದು ಮಂಗಳ ಹಾಡುತ್ತಾಳೆ. ಇಷ್ಟೆಲ್ಲ ಆದರೂ ಈ ವಾದದಿಂದ ಪಂಪು ಎಷ್ಟೋ ಸಲ ಸರಿಯಾಗಿದೆ. ಒಬ್ಬರಿಗೆ ಹೊಳೆಯದ್ದು ನಾಲ್ವರ ಜಗಳದಲ್ಲಿ ಹೊಳೆಯುತ್ತದೆ.

ದುರಸ್ತಿಗೆ ಬೇಕಾದ ಬಿಡಿಭಾಗಗಳ ಭಂಡಾರವೆಂದರೆ ಅಟ್ಟದ ಮೇಲಿನ ಡಾಲ್ಡಾ ಡಬ್ಬ. “ಇರ್ಲಿ, ಎಂತಕ್ಕಾದ್ರೂ ಬೇಕಾಗ್ತು” ಎಂದು ಅಜ್ಜನ ಕಾಲದಿಂದ ಎತ್ತಿಟ್ಟ ಮೊಳೆ, ತಿರುಪು, ವಾಷರು, ಕೀಲಿಯಿಲ್ಲದ ಬೀಗ, ಬೀಗವಿಲ್ಲದ ಕೀಲಿ. ಬಗ್ಗಿದ ಮೊಳೆಯನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು ನಮ್ಮ ಕಡೆ ಹುಡುಗರಿಗೆ ಕೊಡುವ ಮೊದಲ ಕೆಲಸ. ಹೆಬ್ಬೆರಳು ಯಾವುದು, ಮೊಳೆ ಯಾವುದು ಎಂಬ ವಿವೇಕ ಅಲ್ಲಿ ಬರುತ್ತದೆ. ಡಬ್ಬದ ಪಕ್ಕದಲ್ಲಿ ಎಂಸೀಲು, ಫೆವಿಕಾಲು, ಸೈಕಲ್ ಟ್ಯೂಬು, ತೆಂಗಿನೆಣ್ಣೆ. ಈ ನಾಲ್ಕರಿಂದ ಆಗದ್ದಕ್ಕೆ ಮಾತ್ರ ಹೊರಗಿನ ಸಹಾಯ ಕೇಳುವುದು ವಾಡಿಕೆ. ಈಚೆಗೆ ಪಟ್ಟಣದಲ್ಲಿರುವ ಮಕ್ಕಳು ನೀಲಿ-ಹಳದಿ ಡಬ್ಬಿಯ ಡಬ್ಲ್ಯೂಡಿ-40 ತಂದುಕೊಡುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲೆಂದು ಮಾಡಿದ್ದು ಅದು. ನಲವತ್ತನೆಯ ಪ್ರಯತ್ನಕ್ಕೆ ಹದ ಸಿಕ್ಕಿತಂತೆ. ಅಟ್ಲಾಸ್ ಕ್ಷಿಪಣಿಗೆ ಹಚ್ಚಿದ ಮದ್ದು ವಜ್ರಳ್ಳಿಯಲ್ಲಿ ಕೊಟ್ಟಿಗೆಯ ಬಾಗಿಲಿನ ತಿರುಗಣೆಗೆ ಬೀಳುತ್ತದೆ. ತೆಂಗಿನೆಣ್ಣೆ ಹಾಕಿದರೆ ಕಿರುಗುಡುವುದು ನಿಲ್ಲುತ್ತದೆ ನಿಜ, ಆದರೆ ಅದು ದೂಳು ಹಿಡಿದು ಅಂಟಾಗಿ ಆಮೇಲೆ ಬಾಗಿಲೇ ನಿಲ್ಲುತ್ತದೆ. ಈ ವಿಷಯದಲ್ಲಿ ಕ್ಷಿಪಣಿಯವರದೇ ಸರಿ. ಕಾರಿನ ವಯರು ಕಡಿಯುವ ಇಲಿಗೆ ಮಾತ್ರ ನಮ್ಮ ಮದ್ದೇ ಮದ್ದು: ಕವಳದ ತಂಬಾಕಿನ ಎಸಳನ್ನು ಬಾನೆಟ್ಟಿನೊಳಗೆ ಕಟ್ಟಿಡುವುದು. ಅದರಿಂದ ಇಲಿ ಹೋಗುತ್ತದೆಯೋ ಇಲ್ಲವೋ, ಕಾರು ಓಡಿಸುವವರಿಗೆ ದಾರಿಯಲ್ಲಿ ತಂಬಾಕು ತಪ್ಪುವುದಿಲ್ಲ.

ಬಿಚ್ಚಿ ನೋಡುವ ಈ ಚಪಲ ನಮ್ಮವರಲ್ಲಿ ಹೊಸದಲ್ಲ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಸ್ಕೂಟರನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದವರು. ರೈತರ ಕೈಗೆ ಲೇಖನಿ ಕೊಟ್ಟು 1988ರಿಂದ ಪುತ್ತೂರಿನಲ್ಲಿ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ ತಿರುವಿದರೆ ಕೊಟ್ಟಿಗೆ, ಶೆಡ್ಡುಗಳಲ್ಲಿ ಹುಟ್ಟಿದ ಉಪಾಯಗಳ ಸಾಲೇ ಸಿಗುತ್ತದೆ. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕು ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಮರ ಏರುವವರು ಸಿಗದಾಗ ಮರವನ್ನು ಬೈಯುತ್ತ ಕೂರದೆ ಇಂಜಿನ್ನು ಕಟ್ಟಿ ಏರಿದರು. ಅವರ ಬೈಕಿನ ವಿಡಿಯೋ ನಮ್ಮಲ್ಲಿ ಬಂದಾಗ ಊರಿನ ಅರ್ಧದಷ್ಟು ಹಳೆಯ ಮೊಪೆಡ್ಡುಗಳು ಗಾಬರಿಯಾದವೆಂದು ಕೆಳಗಿನ ಮನೆ ಭಾವ ಹೇಳುತ್ತಾನೆ.

ಈಗ ಬರುವ ವಸ್ತುಗಳಿಗೆ ಬಿಚ್ಚಿಸಿಕೊಳ್ಳುವ ಮನಸ್ಸಿಲ್ಲ. ತಿರುಪಿನ ಜಾಗದಲ್ಲಿ ಅಂಟು, ತಿರುಪಿದ್ದರೂ ಅದರ ತಲೆ ಊರಿನ ಯಾವ ಸ್ಕ್ರೂಡ್ರೈವರಿಗೂ ಹೊಂದುವುದಿಲ್ಲ. “ಇದು ರಿಪೇರಿ ಆಗೂದಿಲ್ಲ, ಹೊಸದೇ ತಗೊಳ್ಳಿ” ಎಂಬ ಮಾತನ್ನು ಅಂಗಡಿಯವರು ಈಗ ಬಿಚ್ಚಿ ನೋಡುವ ಮೊದಲೇ ಹೇಳುತ್ತಾರೆ. ಇದು ನಮ್ಮೂರಿನ ಗೋಳಷ್ಟೇ ಅಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ ರಿಪೇರಿ ಕೆಫೆ ಎಂದು ಶುರು ಮಾಡಿದರು. ಕೆಟ್ಟದ್ದನ್ನು ಹಿಡಿದುಕೊಂಡು ಬನ್ನಿ, ಬಲ್ಲವರ ಜೊತೆ ಕುಳಿತು ಸರಿ ಮಾಡಿ, ಕಾಫಿ ಕುಡಿಯಿರಿ, ಹೋಗಿ. 2015ರಲ್ಲಿ ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಬೆಂಗಳೂರಿಗೂ ಅದನ್ನು ತಂದರು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು 2022ರ ಜುಲೈಯಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಎಲ್ಲವೂ ಒಳ್ಳೆಯದೇ. ರಿಪೇರಿ ಕೆಫೆಯ ಸುದ್ದಿ ಓದಿ ಹೇಳಿದಾಗ ಮೇಲಿನ ಮನೆ ಮಾವ ಕೇಳಿದ್ದು ಒಂದೇ ಪ್ರಶ್ನೆ: “ಅಲ್ದ, ನಮ್ಮ ಜಗಲೀಲಿ ನಡೀತಿದ್ದಿದ್ದು ಮತ್ತೆಂತದು?”

ಪಾನಾದಿಂದ ರಿಪೇರಿಯಾಗದ ಸಂಗತಿಗಳೂ ಇವೆ. 2021ರ ಜುಲೈ ಮಳೆಗೆ ಪಕ್ಕದ ಕಳಚೆಯಲ್ಲಿ ಗುಡ್ಡಗಳೇ ಜಾರಿ, ತೋಟ, ಮನೆ, ರಸ್ತೆಗಳ ಮೇಲೆ ಬಂದವು. ಅದೇ ಮಳೆಗೆ ಅರಬೈಲು ಘಟ್ಟದ ಹೆದ್ದಾರಿ ಕುಸಿಯಿತು. ಗಂಗಾವಳಿಗೆ ಕಟ್ಟಿದ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ತಲೆಮಾರುಗಳು ಕೂಡಿ ಮಾಡಿದ ತೋಟವನ್ನು ಮಣ್ಣು ನುಂಗಿದರೆ ಯಾವ ಬಿಡಿಭಾಗ ತಂದು ಹಾಕುವುದು? ಅಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ, ರಸ್ತೆ ಕಡಿದ ಊರಿಗೆ ಮೆಕ್ಯಾನಿಕ್ಕೂ ಬರುವುದಿಲ್ಲ, ಹುಬ್ಬಳ್ಳಿಯ ಸಾಮಾನೂ ಬರುವುದಿಲ್ಲ. ಅಂದು ಊರಿನಲ್ಲಿರುವ ಹಗ್ಗ, ಹಾರೆ, ಗರಗಸ, ಟಾರ್ಚುಗಳೇ ಊರಿಗೆ ಇರುವ ಆಸ್ತಿ. ಯಾವುದು ಯಾರ ಮನೆಯಲ್ಲಿದೆ ಎಂಬ ತಿಳಿವಳಿಕೆ ಅದಕ್ಕಿಂತ ದೊಡ್ಡ ಆಸ್ತಿ.

ಅದಕ್ಕೇ ಹತ್ಯಾರದ ಎರವಲಿಗೆ ನಮ್ಮಲ್ಲಿ ಬರೆಯದ ಕೆಲವು ಕಾನೂನುಗಳಿವೆ. ಕೇಳಿದಾಗ ಇಲ್ಲವೆನ್ನಬಾರದು; “ಹರಿತ ಇಲ್ಲೆ” ಎನ್ನಬಹುದು. ಗರಗಸ ಒಯ್ದವರು ಹಲ್ಲು ಮಾಡಿಸಿ ಕೊಡಬೇಕು. ಕತ್ತಿ ಒಯ್ದವರು ಸಾಣೆ ಹಿಡಿದು ಕೊಡಬೇಕು. ಪೆಟ್ರೋಲಿನ ಮಷಿನ್ನು ಒಯ್ದವರು ಟ್ಯಾಂಕು ತುಂಬಿಸಿ ಕೊಡಬೇಕು. ಇವನ್ನೆಲ್ಲ ಜನ ಪಾಲಿಸುತ್ತಾರೆ. ಪಾಲಿಸದಿರುವುದು ಒಂದೇ ಕಾನೂನು, ಹಿಂದಿರುಗಿಸುವುದು. ಅದರಲ್ಲಿ ಕಳ್ಳತನವಿಲ್ಲ. ಒಯ್ದವರ ಮನೆಯಿಂದ ಇನ್ನೊಬ್ಬರು ಒಯ್ಯುತ್ತಾರೆ, ಅವರಲ್ಲಿಂದ ಮತ್ತೊಬ್ಬರು. ದೀಪಾವಳಿಗೆ ವಜ್ರಳ್ಳಿಯಿಂದ ಹೊರಟ ಪಾನಾ ಯುಗಾದಿಗೆ ಬೀಗಾರದ ಕಡೆ ಇರುತ್ತದೆ. ತನ್ನ ಪಾನಾವನ್ನು ತಾನೇ ಎರವಲು ಕೇಳಿ ತಂದು, ಕೆಲಸ ಮುಗಿಸಿ, ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟು ಬಂದ ಸಜ್ಜನರೂ ನಮ್ಮೂರಲ್ಲಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮಳೆ ಹಿಡಿಯುವ ಮೊದಲು ನಿಮ್ಮ ಅಟ್ಟ, ಶೆಡ್ಡು, ಬಚ್ಚಲ ಒಲೆಯ ಹಿಂದಿನ ಗೂಡು, ಮೂರನ್ನೂ ಒಮ್ಮೆ ನೋಡಿ. ನಿಮ್ಮದಲ್ಲದ ಹತ್ಯಾರ ಸಿಕ್ಕರೆ ತುಕ್ಕು ಉಜ್ಜಿ, ಎಣ್ಣೆ ಹಚ್ಚಿ, ಒಡೆಯರಿಗೆ ತಲುಪಿಸಿ. ಒಡೆಯರು ಯಾರೆಂದು ಮರೆತಿದ್ದರೆ ಬೇಕಾದವರಿಗೆ ಕೊಡಿ, ಕೊಟ್ಟದ್ದನ್ನು ನಾಲ್ಕು ಜನಕ್ಕೆ ಹೇಳಿ. ಹಿಡಿಕೆಗೆ ಕೆಂಪು ಬಣ್ಣ ಬಳಿದ ದೊಡ್ಡ ಪೈಪು ಪಾನಾ ಕಂಡರೆ ಅದು ನಮ್ಮದು. ತಂದುಕೊಡಬೇಕೆಂದಿಲ್ಲ, ಯಾರ ಮನೆಯಲ್ಲಿದೆ ಎಂದು ಒಂದು ಫೋನು ಮಾಡಿ ಸಾಕು. ಬೇಕಾದಾಗ ಬಂದು ಎರವಲು ಕೇಳುತ್ತೇವೆ.